ಇಲ್ಲದ ಓರಗಿತ್ತಿ

ಫೆಬ್ರವರಿ 3, ಸೋಮವಾರ

ಅಣ್ಣನಿಗೆ ಬೇರೆಯವರ ತಲೆಗೆ ಕೆಲಸ ಕಟ್ಟುವುದೆಂದರೆ ಎಲ್ಲಿಲ್ಲದ ಹುರುಪು. ನಿನ್ನೆ ಫೋನು ಮಾಡಿ, ಅಮ್ಮನ ಹೆಸರಿನಲ್ಲಿ ಒಂದು ದೊಡ್ಡ ಮೊತ್ತ ದಾನ ಕೊಡಬೇಕೆಂದಿದ್ದೇನೆ, ಯಾವ ಸಂಸ್ಥೆಗೆ ಕೊಡಬಹುದು ಎಂದು ನೀನೇ ನೋಡಿ ಹೇಳು ಎಂದ.

"ನಂಗೇನು ಗೊತ್ತಾಗುತ್ತೆ ಅಣ್ಣ ಅವೆಲ್ಲ?"

"ಗೊತ್ತಾಗ್ದೆ ಏನು? ಇಷ್ಟು ವರ್ಷ ಗಾರ್ಮೆಂಟ್ಸ್‌ನಲ್ಲಿ ಶರ್ಟು ಚೆಕ್ ಮಾಡ್ದೋಳು ನೀನು. ಕಾಲರಲ್ಲಿ ಒಂದು ನೂಲು ಎದ್ದಿದ್ರೂ ಬಿಡ್ತಿರ್ಲಿಲ್ಲ. ಕೊಟ್ಟ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಇವರನ್ನೂ ಹಾಗೇ ಹಿಡಿ. ಹೇಗಿದ್ರೂ ಮನೇಲೇ ಕೂತಿರ್ತೀಯಲ್ಲ."

ಕೂತಿರ್ತೀನಂತೆ! ಮೈಯೆಲ್ಲ ಉರಿದುಹೋಯಿತು. ನಮ್ಮ ಯಜಮಾನರಿಗೆ ಲಕ್ವ ಹೊಡೆದು ನಾನು ಕೆಲಸ ಬಿಟ್ಟಲ್ಲಿಂದ ನೆಟ್ಟಗೆ ಕೂತು ಒಂದು ಲೋಟ ಟೀಯನ್ನು ಬಿಸಿಯಾಗಿ ಕುಡಿದಿದ್ದರೆ ಕೇಳಲಿ. ಎತ್ತಬೇಕು, ಹೊರಳಿಸಬೇಕು, ಒರೆಸಬೇಕು, ಉಣಿಸಬೇಕು. ಬಲಗೈ ಬಲಗಾಲು ಬಿದ್ದುಹೋಗಿವೆ, ಮಾತು ನಿಂತಿದೆ. ಬಸ್ ಕಂಡಕ್ಟರ್ ಆಗಿದ್ದವರು, ಇಡೀ ಬಸ್ಸನ್ನು ಮಾತಿನಲ್ಲೇ ನಗಿಸುತ್ತಿದ್ದವರು. ಈಗ ಎಡಗೈಗೆ ಒಂದು ಚಮಚ ಕೊಟ್ಟಿದ್ದೇನೆ. ಏನಾದರೂ ಬೇಕಾದರೆ ಪಕ್ಕದ ಸ್ಟೂಲಿನ ಮೇಲಿರುವ ಸ್ಟೀಲ್ ಲೋಟಕ್ಕೆ ಹೊಡೆಯುತ್ತಾರೆ. ದಿನವಿಡೀ ಅದೇ ಟಣ್ ಟಣ್. ನಮ್ಮದು ಮೂರನೇ ಮಹಡಿ, ಲಿಫ್ಟಿಲ್ಲ. ತರಕಾರಿ, ಔಷಧಿ ಎಲ್ಲ ಬಾಲ್ಕನಿಯಿಂದ ಹಗ್ಗ ಕಟ್ಟಿದ ಚೀಲ ಇಳಿಬಿಟ್ಟು ಮೇಲೆಳೆದುಕೊಳ್ಳುವುದು. ದಿನಾ ಚೀಲ ಇಳಿಯುತ್ತದೆ, ನಾನು ಇಳಿಯುವುದಿಲ್ಲ.

ಆದರೂ ಅಣ್ಣನಿಗೆ ಹೂಂ ಎಂದೆ. "ಅಲ್ಲಿ ಎಲ್ಲ ಹೇಗೆ ನಡೀತಿದೆ?" ಎಂದು ಕೇಳಿದ. "ಎಲ್ಲ ಚೆನ್ನಾಗಿದೆ" ಎಂದೆ. ಇವರು ಆಸ್ಪತ್ರೆಯಿಂದ ಬಂದ ವಾರದಲ್ಲೇ, "ನಿನ್ನ ಕೈಲಿ ಆಗಲ್ಲ ಕಣೇ, ಇಂಥವರನ್ನ ನೋಡ್ಕೊಳ್ಳೋ ಕಡೆ ಸೇರಿಸಿಬಿಡೋಣ" ಎಂದವನು ಅವನು. "ನಾನಿನ್ನೂ ಸತ್ತಿಲ್ಲ" ಎಂದು ಬಾಯಿ ಮುಚ್ಚಿಸಿದ್ದೆ. ಈಗ ಕಷ್ಟ ಎಂದು ಒಂದು ಮಾತು ಬಾಯಿ ಜಾರಿದರೂ ಸಾಕು, ಮಾರನೇ ದಿನವೇ ಗಾಡಿ ತಂದು ನಿಲ್ಲಿಸುತ್ತಾನೆ. ಹಾಗಾಗಿ ಎಲ್ಲ ಚೆನ್ನಾಗಿದೆ.

ಫೆಬ್ರವರಿ 9, ಭಾನುವಾರ

ಮೊದಲನೆಯದು ಅನಾಥ ಮಕ್ಕಳ ಸಂಸ್ಥೆ. ಕೇಳಿದ ಮರುದಿನವೇ ಮೂರು ವರ್ಷದ ವರದಿಗಳನ್ನು ಕಳಿಸಿದರು. ಹೊಳೆಯುವ ಕಾಗದ, ಪುಟಕ್ಕೊಂದು ಫೋಟೋ. ಮೂರು ವರ್ಷದ ವರದಿಯಲ್ಲೂ ಒಂದೇ ಹುಡುಗಿ ನಗುತ್ತಿದ್ದಾಳೆ. ಇರಲಿ, ಮುದ್ದಾಗಿದ್ದಾಳೆ, ಹಾಕಿದ್ದಾರೆ. ಆದರೆ ಅವಳ ಅಂಗಿಯ ಎರಡನೇ ಗುಂಡಿ ಮೂರು ವರ್ಷವೂ ಕಿತ್ತುಹೋಗಿದೆ! ಮೂರು ವರ್ಷದಲ್ಲಿ ಮಗು ಒಂದಿಂಚು ಬೆಳೆದಿಲ್ಲ, ಅಂಗಿಯ ತೋಳು ಗಿಡ್ಡವಾಗಿಲ್ಲ. ಹಿಂದಿನ ಗೋಡೆಗೆ ಮಾತ್ರ ಒಂದೊಂದು ವರ್ಷ ಒಂದೊಂದು ಬಣ್ಣ. ಫೋನು ಮಾಡಿ ಕೇಳಿದೆ. ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದು ಇಟ್ಟವರು ಮತ್ತೆ ಎತ್ತಲಿಲ್ಲ. ರಿಜೆಕ್ಟ್.

ಎಷ್ಟೋ ದಿನದ ಮೇಲೆ ಹಳೆಯ ಖುಷಿ ಆಯಿತು. ಕೈಯಲ್ಲಿ ತಪ್ಪು ತೋರಿಸುವ ಕೆಂಪು ಸ್ಟಿಕ್ಕರ್ ಇದ್ದಿದ್ದರೆ ಆ ಗುಂಡಿಯ ಮೇಲೆ ಅಂಟಿಸುತ್ತಿದ್ದೆ.

ಅಷ್ಟರಲ್ಲಿ ಟಣ್ ಟಣ್ ಟಣ್. "ಬಂದೆ, ಬಂದೆ, ಪ್ರಾಣ ಹೋಗ್ತಿದೆಯಾ ಏನು?" ಎಂದು ಕೂಗಿದೆ. ನೀರು ಬೇಕಿತ್ತು ಅಷ್ಟೇ.

ಫೆಬ್ರವರಿ 17, ಸೋಮವಾರ

ಅಣ್ಣ ಒಂದು ನಿಯಮ ಹಾಕಿದ್ದಾನೆ. ಸಂಬಳ, ಕಚೇರಿ ಎಂದು ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಖರ್ಚು ಮಾಡುವವರಿಗೆ ಒಂದು ಕಾಸೂ ಇಲ್ಲ. ಸರಿಯಾದ ಮಾತು.

ಗಾಲಿಕುರ್ಚಿ ಹಂಚುವ ಸಂಸ್ಥೆಯೊಂದಿದೆ, ಅವರದು ಹದಿನೆಂಟು. ಲೆಕ್ಕವೂ ಚೊಕ್ಕ. ಅದನ್ನು ಪಾಸ್ ಮಾಡಬಹುದು.

ಇನ್ನೊಂದು ಬಂದಿದೆ ನೋಡಿ, ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ. ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರ ಹತ್ತಿರ ಫೋನಿನಲ್ಲಿ ಮಾತಾಡುವುದೇ ಇವರ ಸೇವೆಯಂತೆ. ಬಾಡಿಗೆಗೆ ಒಂದು ಕೋಣೆ, ನಾಲ್ಕು ಫೋನು, ಕೂತು ಮಾತಾಡಲು ನಾಲ್ಕು ಹೆಂಗಸರು. ಕೈಯಲ್ಲಿ ಆದಾಗ ಯಾರನ್ನಾದರೂ ಕಳಿಸಿ ಒಂದು ಮಧ್ಯಾಹ್ನ ರೋಗಿಯ ಹತ್ತಿರ ಕೂರಿಸುತ್ತಾರಂತೆ. ಸಂಬಳಕ್ಕೇ ನೂರಕ್ಕೆ ಎಪ್ಪತ್ತನಾಲ್ಕು! ಮಾತಾಡೋದಕ್ಕೆ ಸಂಬಳ! ನಮ್ಮ ಲೈನಿನಲ್ಲಿ ಮಾತಾಡಿದರೆ ಸೂಪರ್‌ವೈಸರ್ ಸಂಬಳ ಹಿಡಿಯುತ್ತಿದ್ದ.

ಆದರೆ ಬಿಚ್ಚಿ ನೋಡದೆ ಯಾವ ಪೀಸನ್ನೂ ನಾನು ರಿಜೆಕ್ಟ್ ಮಾಡಿದವಳಲ್ಲ. ನಾಳೆ ಸುಮ್ಮನೆ ಯಾರೋ ಕಷ್ಟದಲ್ಲಿರುವವರ ಹಾಗೆ ಫೋನು ಮಾಡಿ ಏನು ಮಾತಾಡುತ್ತಾರೆ ನೋಡುತ್ತೇನೆ.

ಫೆಬ್ರವರಿ 18, ಮಂಗಳವಾರ

ಮಾಡಿದೆ. ಹಾಲ್‌ನಲ್ಲಿ ಇವರ ಮಂಚವಿರುವುದರಿಂದ ಅಡುಗೆಮನೆಗೆ ಹೋಗಿ ಪರದೆ ಎಳೆದುಕೊಂಡು ಮಾಡಿದೆ. ಒಬ್ಬ ಹೆಂಗಸು ಎತ್ತಿದಳು. ನಡುವಯಸ್ಸಿನ ದನಿ, ಗಂಟಲು ಸ್ವಲ್ಪ ಒಡೆದ ಹಾಗೆ.

"ನಂಗಲ್ಲ ಕಣಮ್ಮ, ನಮ್ಮ ಓರಗಿತ್ತಿಗೆ" ಎಂದೆ. ಬಾಯಿಗೆ ಅದೇ ಬಂತು. ಇವರಿಗೆ ಅಣ್ಣತಮ್ಮಂದಿರೇ ಇಲ್ಲ, ನನಗೆ ಓರಗಿತ್ತಿ ಎಲ್ಲಿಂದ ಬರಬೇಕು? "ಅವಳ ಗಂಡನಿಗೆ ಲಕ್ವ. ಅವಳೊಬ್ಬಳೇ ನೋಡ್ಕೋತಾಳೆ."

"ಹೌದಾ ಮೇಡಂ? ಇವತ್ತು ಊಟ ಮಾಡಿದ್ರಾ?"

"ಹೂಂ, ಮೆತ್ತಗೆ ಕಲಸಿ ತಿನ್ನಿಸಿದ್ಳು."

"ಅವರ ಯಜಮಾನರದಲ್ಲ. ನಿಮ್ಮ ಓರಗಿತ್ತಿ ಊಟ ಮಾಡಿದ್ರಾ ಅಂತ ಕೇಳ್ದೆ."

ಒಳ್ಳೇ ಫಜೀತಿ. ಇಲ್ಲದವಳು ಏನು ಉಂಡಿರುತ್ತಾಳೆ? ತಕ್ಷಣಕ್ಕೆ ಸುಳ್ಳು ಹೊಳೆಯದೆ, ಗಂಡ ಬಿಟ್ಟಿದ್ದನ್ನೇ ಒಲೆ ಮುಂದೆ ನಿಂತು ತಿಂದಳು ಎಂದು ನನ್ನದನ್ನೇ ಹೇಳಿಬಿಟ್ಟೆ. ಅಷ್ಟರಲ್ಲಿ ಹಾಲ್‌ನಲ್ಲಿ ಟಣ್ ಟಣ್ ಶುರುವಾಯಿತು.

"ಅದೇನು ಸದ್ದು ಮೇಡಂ?"

"ಏನಿಲ್ಲ, ಪಾತ್ರೆ."

"ಹೋಗಿ ನೋಡ್ಕೊಂಡು ಬನ್ನಿ. ನಾನು ಇಲ್ಲೇ ಇರ್ತೀನಿ."

ಇವರನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಚಾದರ ಸರಿಮಾಡಿ ಬಂದು ಫೋನೆತ್ತಿಕೊಂಡರೆ ಇನ್ನೂ ಇದ್ದಳು! ಒಳ್ಳೆಯ ಅಂಶ: ಫೋನು ಇಡಲಿಲ್ಲ. ಕೆಟ್ಟ ಅಂಶ: ಸುಮ್ಮನೆ ಕಾದಿದ್ದ ಅಷ್ಟು ಹೊತ್ತಿಗೂ ಸಂಬಳ ಕೊಡಬೇಕಲ್ಲ.

ಫೆಬ್ರವರಿ 21, ಶುಕ್ರವಾರ

ಒಂದು ಪೀಸು ನೋಡಿ ಇಡೀ ಲಾಟಿಗೆ ಸೀಲು ಒತ್ತುವವಳಲ್ಲ ನಾನು. ದಿನಾ ಒಂದು ಸಲ ಮಾಡಿ ಪರೀಕ್ಷಿಸುತ್ತಿದ್ದೇನೆ. ಬೇರೆ ಬೇರೆಯವರು ಎತ್ತುತ್ತಾರೆ, ನಾನು ಆ ಒಡೆದ ಗಂಟಲಿನಾಕೆಯೇ ಬೇಕು ಎನ್ನುತ್ತೇನೆ. ಬೇರೆ ಕಾರಣವೇನಿಲ್ಲ, ಓರಗಿತ್ತಿಯ ಕಥೆಯನ್ನು ಎಲ್ಲರಿಗೂ ಮೊದಲಿಂದ ಹೇಳುವವರು ಯಾರು?

ನಿನ್ನೆಯಿಂದ ಮೇಡಂ ಹೋಗಿ ಅಕ್ಕ ಆಗಿದೆ. ಸಲುಗೆ ಜಾಸ್ತಿ. ಇದನ್ನೂ ಗುರುತು ಹಾಕಿಕೊಂಡೆ.

ಇವತ್ತು ಕೇಳಿದಳು: "ಅಕ್ಕ, ಓರಗಿತ್ತಿ ಗಂಡನ ಹತ್ರ ಮಾತಾಡ್ತಾರಾ?"

"ಆ ಮನುಷ್ಯನಿಗೆ ಮಾತೇ ಬರಲ್ವಲ್ಲ, ಏನು ಮಾತಾಡ್ತಾಳೆ?"

"ಅವರಿಗೆ ಬರಲ್ಲ. ಇವರಿಗೆ ಬರುತ್ತಲ್ಲ."

ಏನು ಮಾತೋ! ಬಾಯಿ ಬಾರದವರ ಮುಂದೆ ಕೂತು ಒಬ್ಬಳೇ ವಟವಟ ಅನ್ನುತ್ತಿದ್ದರೆ ಹುಚ್ಚಿ ಅನ್ನುವುದಿಲ್ಲವೇ?

ಫೆಬ್ರವರಿ 23, ಭಾನುವಾರ

ಆಕೆಯ ಮಾತು ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂದು ಪರೀಕ್ಷಿಸಲೆಂದೇ ಇವರ ಮುಂದೆ ಕೂತು ಗಾಲಿಕುರ್ಚಿಯವರ ವರದಿಯನ್ನು ಜೋರಾಗಿ ಓದಿದೆ. ಮೊದಲ ಪುಟದಲ್ಲಿ ಅಧ್ಯಕ್ಷರ ಭಾಷಣ. ನಾಲ್ಕು ಸಾಲು ಓದಿರಲಿಲ್ಲ, ಟಣ್ ಎಂದು ಒಂದೇ ಪೆಟ್ಟು ಹೊಡೆದರು.

"ನೀರಾ? ಹೊರಳಿಸ್ಲಾ?" ಯಾವುದೂ ಅಲ್ಲ. ಮುಂದಿನ ಸಾಲು ಓದಿದೆ. ಮತ್ತೆ ಟಣ್. ಪುಟ ತಿರುಗಿಸಿ ಲೆಕ್ಕದ ಕಡೆ ಬಂದೆ. ಆಗ ಟಣ್ ಟಣ್, ಎರಡು. ಅಯ್ಯೋ ನನ್ನ ಮಂಕು ಬುದ್ಧಿಯೇ! ಬಸ್ಸಿನ ಗಂಟೆ! ಒಂದು ಹೊಡೆದರೆ ನಿಲ್ಲಿಸು, ಎರಡು ಹೊಡೆದರೆ ಹೊರಡು. ಇಷ್ಟು ತಿಂಗಳು ಇವರು ನನ್ನ ಹತ್ತಿರ ಹೌದು, ಬೇಡ ಎನ್ನುತ್ತಲೇ ಇದ್ದರೋ ಏನೋ. ನಾನು ಸದ್ದು ಕೇಳಿದೊಡನೆ ಬೈದುಕೊಂಡು ಓಡಿಬರುತ್ತಿದ್ದೆನೇ ಹೊರತು ಎಣಿಸಿರಲಿಲ್ಲ.

"ಕಂಡಕ್ಟರ್ ಸಾಹೇಬ್ರೇ, ಅಧ್ಯಕ್ಷರ ಭಾಷಣ ಬೇಡ್ವಾ?" ಎಂದೆ. ಟಣ್. ಬಾಯಿಯ ಎಡಗಡೆ ಒಂದಿಷ್ಟು ನಗು ಬಂತು. ಎಷ್ಟು ದಿನವಾಗಿತ್ತು ಆ ಮುಖದಲ್ಲಿ ನಗು ನೋಡಿ.

ಸಂಜೆ ಅಣ್ಣ ಫೋನು ಮಾಡಿದಾಗ ಇದನ್ನು ಹೇಳಬೇಕೆನಿಸಿತು. ಹೇಳಲಿಲ್ಲ. ಎಲ್ಲ ಚೆನ್ನಾಗಿದೆ ಎಂದೆ.

ಮಾರ್ಚ್ 3, ಸೋಮವಾರ

ಬೆಳಗಿನಿಂದ ಫೋನು ಸಿಗುತ್ತಿಲ್ಲ, ಎಲ್ಲ ಲೈನೂ ಬಿಜಿ. ಅಲ್ಲ, ಕಷ್ಟದಲ್ಲಿರುವವರಿಗಾಗಿ ಎಂದು ಬೋರ್ಡು ಹಾಕಿಕೊಂಡು ನಾಲ್ಕೇ ನಾಲ್ಕು ಜನರನ್ನು ಇಟ್ಟುಕೊಂಡರೆ ಹೇಗೆ? ಇನ್ನಿಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲು ಇವರಿಗೇನು ಬಂದಿದೆ ರೋಗ?

ಮಾರ್ಚ್ 6, ಗುರುವಾರ

ಎರಡು ರಾತ್ರಿ ನಿದ್ದೆಯಿಲ್ಲ. ಇವರಿಗೆ ಕೆಮ್ಮು, ಕಫ. ಮಗಳಿಗೆ ಫೋನು ಮಾಡಿದೆ. ದೂರದೂರಿನಲ್ಲಿ ನರ್ಸಿಂಗ್ ಓದುತ್ತಾಳೆ, ಪರೀಕ್ಷೆ ಹತ್ತಿರ ಬಂದಿದೆ. "ಅಮ್ಮ, ಬರ್ಲಾ?" ಎಂದಳು. "ಬೇಡ, ಚೆನ್ನಾಗಿದ್ದೀವಿ" ಎಂದೆ.

ಔಷಧಿಗೆ ಚೀಲ ಇಳಿಬಿಟ್ಟು ಬಾಲ್ಕನಿಯಲ್ಲಿ ನಿಂತಿದ್ದೆ. ಕೆಳಗೆ ಒಬ್ಬ ಹೆಂಗಸು ಕೈಯಲ್ಲಿ ಏನೂ ಹಿಡಿಯದೆ, ಕೈಬೀಸಿಕೊಂಡು ನಡೆದುಹೋದಳು. ಅಷ್ಟೇ. ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು, ಆಮೇಲೆ ಅಳು ಬಂತು. ಯಾಕೆಂದು ಕೇಳಿದರೆ ನನಗೇ ಗೊತ್ತಿಲ್ಲ.

ಮಧ್ಯಾಹ್ನದ ಫೋನಿನಲ್ಲಿ ಪರೀಕ್ಷೆಯನ್ನು ಸ್ವಲ್ಪ ಗಟ್ಟಿ ಮಾಡಿದೆ. "ನಮ್ಮ ಓರಗಿತ್ತಿ ಏನಂತಾಳೆ ಗೊತ್ತಾ? ಒಂದಿನ ಬಾಗಿಲು ತೆಗೆದು ಹೊರಟುಬಿಡ್ತೀನಿ ಅಂತಾಳೆ. ತಿರುಗಿ ನೋಡಲ್ಲ ಅಂತಾಳೆ. ಈ ಮನುಷ್ಯ ಸಾಯಲ್ಲ, ನನ್ನನ್ನ ಬದುಕೋಕೂ ಬಿಡಲ್ಲ ಅಂತಾಳೆ." ಹೇಳುತ್ತಾ ಹೇಳುತ್ತಾ ದನಿ ಏರಿತ್ತು.

ಇಂಥವಳಿಗೆ ಬುದ್ಧಿ ಹೇಳುತ್ತಾಳೆ ನೋಡೋಣ ಎಂದುಕೊಂಡಿದ್ದೆ. ಹೇಳಲಿಲ್ಲ. "ಹಾಗನ್ನಿಸೋದು ತಪ್ಪಲ್ಲ ಅಕ್ಕ. ಹಾಗನ್ನಿಸಿಯೂ ಇದ್ದಾರಲ್ಲ" ಎಂದಳು. ಆಮೇಲೆ ನಾನು ಅಳುವಷ್ಟು ಹೊತ್ತೂ ಫೋನು ಇಡಲಿಲ್ಲ. ಅಳು ಕೂಡ ಪರೀಕ್ಷೆಯ ಭಾಗವೇ ಎಂದು ಇಟ್ಟುಕೊಳ್ಳೋಣ.

ಪರದೆ ಸರಿಸಿ ಹೊರಬಂದೆ. ಇವರು ಗೋಡೆ ಕಡೆ ಮುಖ ಮಾಡಿದ್ದರು. ಸಂಜೆಯವರೆಗೂ ಲೋಟದ ಸದ್ದೇ ಇಲ್ಲ. ಸದ್ಯ, ಒಂದು ದಿನವಾದರೂ ನೆಮ್ಮದಿ ಎಂದುಕೊಂಡೆ. ಆಮೇಲೆ ನೋಡಿದರೆ ಚಾದರ ಪೂರ್ತಿ ಒದ್ದೆ. "ಕರೀಬಾರ್ದಾ? ಕೈಗೇನಾಗಿದೆ?" ಎಂದು ಗದರಿದೆ. ಚಮಚ ನೆಲದ ಮೇಲೆ ಬಿದ್ದಿತ್ತು. ಎತ್ತಿ ಕೈಗೆ ಕೊಟ್ಟರೆ ಬೆರಳು ಮಡಚಲಿಲ್ಲ.

ಮಾರ್ಚ್ 10, ಸೋಮವಾರ

ಅಣ್ಣ ನಿನ್ನೆ ಅವಸರ ಮಾಡಿದ, ತಿಂಗಳ ಕೊನೆಯೊಳಗೆ ದುಡ್ಡು ಕೊಡಬೇಕಂತೆ. ಕೂತು ವರದಿ ಬರೆದೆ. ಮಕ್ಕಳ ಸಂಸ್ಥೆ ರಿಜೆಕ್ಟ್. ಗಾಲಿಕುರ್ಚಿ ಪಾಸ್. ಫೋನಿನವರು: ನಡತೆ ಒಳ್ಳೆಯದು, ತಾಳ್ಮೆ ಬಹಳ, ಆದರೆ ಸಂಬಳದ ಖರ್ಚು ನಿಯಮದ ಮೂರು ಪಟ್ಟಿಗಿಂತಲೂ ಹೆಚ್ಚು, ರಿಜೆಕ್ಟ್.

ಅಭ್ಯಾಸವಾಗಿದೆಯಲ್ಲ, ಕಳಿಸುವ ಮುಂಚೆ ಇವರಿಗೂ ಓದಿದೆ. ನಾಲ್ಕು ದಿನದಿಂದ ಮುಟ್ಟದಿದ್ದ ಚಮಚ ಹಿಡಿದು ಟಣ್ ಎಂದರು. "ಯಾಕೆ? ಲೆಕ್ಕ ಸರಿಯಾಗೇ ಇದೆಯಲ್ಲ" ಎಂದೆ. ಟಣ್. ಸ್ವಲ್ಪ ತಡೆದು ಮತ್ತೆ ಟಣ್. ಲೋಟ ಉರುಳಿ ನೀರೆಲ್ಲ ಚೆಲ್ಲಿತು. "ಆಯ್ತು, ನಿಮಗೆ ಹಟ ಬಂದಿದೆ" ಎಂದು ಒರೆಸಿ, ವರದಿ ಕಳಿಸಿಬಿಟ್ಟೆ. ನಿಯಮ ಎಂದರೆ ನಿಯಮ. ಹೊಲಿದವಳು ಗೆಳತಿ ಎಂದು ನಾನು ಯಾವತ್ತೂ ಪೀಸು ಪಾಸ್ ಮಾಡಿದವಳಲ್ಲ.

ಮಾರ್ಚ್ 15, ಶನಿವಾರ

ಇವತ್ತು ಅವಳ ದನಿ ಇನ್ನೂ ಒಡೆದಿತ್ತು. "ಅಕ್ಕ, ನಿಮ್ಮ ಓರಗಿತ್ತಿಗೆ ಒಂದು ಮಾತು ಹೇಳ್ಬೇಕು. ಈ ತಿಂಗಳ ಕೊನೆಗೆ ಇದು ನಿಂತುಹೋಗುತ್ತೆ" ಎಂದಳು.

"ನಿಲ್ಲೋದಾ? ಯಾಕೆ?"

"ದುಡ್ಡಿಲ್ಲ ಅಕ್ಕ. ಒಬ್ಬರು ಕೊಡ್ತೀವಿ ಅಂದಿದ್ರು, ಅವರಮ್ಮನ ಹೆಸರಲ್ಲಿ. ಅವರ ಕಡೆಯವರು ಯಾರೋ ಚೆಕ್ ಮಾಡಿ, ಸಂಬಳಾನೇ ಜಾಸ್ತಿ ಅಂದ್ರಂತೆ. ಏನ್ ಮಾಡೋದು, ನಮ್ಮ ಹತ್ರ ಕೊಡೋಕೆ ಕಂಬಳಿ ಇಲ್ಲ, ಕುರ್ಚಿ ಇಲ್ಲ. ನಾವೇ ಇರೋದು."

ಆ ಯಾರೋ ನಾನೇ. ಹಾಲ್‌ನಲ್ಲಿ ಲೋಟದ ಸದ್ದು ಕೇಳಿತು. "ಹೋಗಿ ಬನ್ನಿ ಅಕ್ಕ, ಇರ್ತೀನಿ" ಎಂದಳು, ಯಾವತ್ತಿನ ಹಾಗೆ. ನಾನು ಫೋನು ಇಟ್ಟುಬಿಟ್ಟೆ.

ಮಾರ್ಚ್ 16, ಭಾನುವಾರ

ಅಣ್ಣ ಫೋನು ಮಾಡಿದ. ಎಲ್ಲ ಚೆನ್ನಾಗಿದೆ ಎಂದೆ.

ಮಾರ್ಚ್ 19, ಬುಧವಾರ

ನಾಲ್ಕು ದಿನದಿಂದ ಅವಳಿಗೆ ಫೋನು ಮಾಡಿಲ್ಲ, ಯಾವ ಮುಖ ಇಟ್ಟುಕೊಂಡು ಮಾಡಲಿ? ಮಧ್ಯಾಹ್ನವಾದರೆ ಕಾಲು ತಾನೇ ಅಡುಗೆಮನೆಗೆ ಹೋಗುತ್ತದೆ, ಪರದೆ ಎಳೆಯುತ್ತೇನೆ, ಫೋನು ಕೈಯಲ್ಲಿ ಹಿಡಿದು ನಿಂತಿರುತ್ತೇನೆ.

ಅಣ್ಣನಿಗೆ ಹೇಳಿ ಬದಲಾಯಿಸೋಣವೆಂದರೆ ಅವನು ಸುಮ್ಮನೆ ಬಿಡುವ ಆಸಾಮಿಯೇ? ಯಾಕೆ ಎನ್ನುತ್ತಾನೆ. ಯಾಕೆ ಎಂದು ಹೇಳಿದರೆ ಇಷ್ಟು ದಿನ ಮುಚ್ಚಿಟ್ಟಿದ್ದೆಲ್ಲ ಬಯಲಾಗುತ್ತದೆ. ಬಯಲಾದರೆ ಇವರನ್ನು ಎತ್ತಿಕೊಂಡು ಹೋಗುತ್ತಾನೆ. ಹೇಳದಿದ್ದರೆ ಆ ಫೋನು ಹೋಗುತ್ತದೆ. ಈ ಕಡೆ ತಿರುಗಿದರೂ ಗೋಡೆ, ಆ ಕಡೆ ತಿರುಗಿದರೂ ಗೋಡೆ. ಮೂರು ಮಹಡಿಯ ಮೇಲೆ ಎರಡು ಕೋಣೆ, ಒಂದು ಬಾಲ್ಕನಿ, ಒಂದು ಚೀಲ.

ಇವರ ಕೈಗೆ ಎಣ್ಣೆ ಹಚ್ಚಿ ತೀಡುತ್ತಾ, "ಏನ್ರೀ ಮಾಡ್ಲಿ?" ಎಂದು ಕೇಳಿದೆ. ಒಂದೋ ಎರಡೋ ಹೊಡೆಯುತ್ತಾರೆ ಎಂದು ಕಾದೆ. ಚಮಚ ಕೆಳಗಿಟ್ಟು ನನ್ನ ಮಣಿಕಟ್ಟು ಹಿಡಿದುಕೊಂಡರು. ತುಂಬ ಹೊತ್ತು ಬಿಡಲಿಲ್ಲ.

ಮಾರ್ಚ್ 23, ಭಾನುವಾರ

ಆಗಿದ್ದನ್ನು ಆದ ಹಾಗೇ ಬರೆದಿಡುತ್ತೇನೆ.

ಅಣ್ಣ ಗಾಲಿಕುರ್ಚಿಯವರಿಗೆ ನಾಳೆ ದುಡ್ಡು ಕಳಿಸುತ್ತೇನೆ ಎಂದ. ನಾನು, "ಬೇಡ ಅಣ್ಣ. ಆ ಫೋನಿನವರಿಗೆ ಕೊಡು" ಎಂದುಬಿಟ್ಟೆ.

"ಏನೇ ಇದು? ನೀನೇ ತಾನೇ ರಿಜೆಕ್ಟ್ ಮಾಡ್ದೋಳು?"

"ತಪ್ಪು ಚೆಕ್ ಮಾಡ್ದೆ. ಅವರ ಕೆಲಸಾನೇ ಮಾತಾಡೋದು. ಮಾತಾಡೋರಿಗೆ ಕೊಡೋದನ್ನ ಕಚೇರಿ ಖರ್ಚು ಅಂತ ಹಿಡಿದೆ. ಶರ್ಟಿಗೆ ಯಾಕಿಷ್ಟು ಬಟ್ಟೆ ಖರ್ಚಾಯ್ತು ಅಂತ ಕೇಳಿದ ಹಾಗಾಯ್ತು."

"ನಿಂಗೆ ಯಾರಾದ್ರೂ ಏನಾದ್ರೂ ಹೇಳಿಕೊಟ್ರಾ? ನೋಡು, ಮಾತಿನ ಮೇಲೆ ನಾನು ದುಡ್ಡು ಕೊಡಲ್ಲ. ಅವರಿಂದ ಉಪಯೋಗ ಆಗಿದೆ ಅನ್ನೋ ಒಬ್ಬರನ್ನ ತೋರ್ಸು. ಒಬ್ಬರು ಸಾಕು."

"ಒಬ್ಬಳಿದ್ದಾಳೆ."

"ಯಾರು?"

ಹೇಳಿದೆ. ಗಂಡನನ್ನು ನೋಡಿಕೊಳ್ಳುವವಳೊಬ್ಬಳಿದ್ದಾಳೆ ಎಂದೆ. ಒಲೆ ಮುಂದೆ ನಿಂತು ಉಣ್ಣುತ್ತಾಳೆ ಎಂದೆ. ಗಂಡ ಕರೆದಾಗಲೆಲ್ಲ ಸಿಡುಕುತ್ತಿದ್ದಳು, ಈಗ ಅವರ ಪಕ್ಕ ಕೂತು ಓದುತ್ತಾಳೆ, ಅವರು ನಗುವುದನ್ನು ನೋಡಿದಳು ಎಂದೆ. ಒಂದು ದಿನ ಬಾಗಿಲು ತೆಗೆದು ಹೊರಟುಹೋಗುವುದರಲ್ಲಿದ್ದಳು, ಹೋಗಲಿಲ್ಲ, ಫೋನಿನಲ್ಲಿ ಅತ್ತಳು ಎಂದೆ.

"ಸರಿ" ಎಂದ ಕೊನೆಗೆ. "ನಾನೇ ಅವಳ ಹತ್ರ ಮಾತಾಡಿ ಕೇಳ್ಬೇಕಲ್ಲ. ನಂಬರ್ ಕೊಡು."

"ಮಾತಾಡ್ತಾನೇ ಇದ್ದೀಯಲ್ಲ ಅಣ್ಣ" ಎಂದೆ.

ಬಾಯಿಂದ ಬಿದ್ದ ಮೇಲೆ ನನಗೇ ಕೇಳಿಸಿತು. ಆ ಕಡೆ ಅಣ್ಣ ಮೂಗೆಳೆದುಕೊಂಡ. ಅಮ್ಮ ಸತ್ತಾಗಲೂ ನನ್ನ ಮುಂದೆ ಅಳದವನು.

"ವಾರ ವಾರ ಕೇಳ್ತಿದ್ನಲ್ಲೇ" ಎಂದ. "ಪ್ರತಿ ವಾರ ಚೆನ್ನಾಗಿದೆ ಅಂತಿದ್ದೆಯಲ್ಲೇ." ಆಮೇಲೆ, "ಶನಿವಾರ ಬರ್ತೀನಿ" ಎಂದು ಇಟ್ಟುಬಿಟ್ಟ.

ಬರುತ್ತಾನೆ. ಗಾಡಿ ತಂದೇ ಬರುತ್ತಾನೆ.

ಮಾರ್ಚ್ 24, ಸೋಮವಾರ

ಅವಳಿಗೆ ಫೋನು ಮಾಡಿ ಎರಡು ತಪ್ಪು ಒಪ್ಪಿಕೊಂಡೆ. ಚೆಕ್ ಮಾಡಿ ಬೇಡ ಎಂದವಳು ನಾನೇ ಎಂದೆ. ಆಮೇಲೆ, ನನಗೆ ಓರಗಿತ್ತಿ ಇಲ್ಲ ಎಂದೆ.

"ಅದು ಗೊತ್ತಿತ್ತು ಅಕ್ಕ. ಮೊದಲನೇ ದಿನಾನೇ ಆ ಟಣ್ ಟಣ್ ಸದ್ದು ಕೇಳಿಸ್ತಲ್ಲ."

"ಮತ್ತೆ ಯಾಕಮ್ಮ ಹೇಳ್ಲಿಲ್ಲ?"

"ಓರಗಿತ್ತಿ ಬಗ್ಗೆ ಆದ್ರೆ ನೀವು ಮಾತಾಡ್ತಿದ್ರಿ."

ಮಾರ್ಚ್ 29, ಶನಿವಾರ

ಅಣ್ಣ ಬಂದ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತ. ನಾನು ಮಂಚಕ್ಕೆ ಅಡ್ಡ ನಿಂತೆ. "ಇವರನ್ನ ಎಲ್ಲಿಗೂ ಕರ್ಕೊಂಡು ಹೋಗೋಕೆ ಬಿಡಲ್ಲ" ಎಂದೆ.

"ಮೊದ್ಲು ನನ್ನ ಒಳಗೆ ಬರೋಕಾದ್ರೂ ಬಿಡ್ತೀಯೋ ಇಲ್ವೋ?" ಎಂದ.

ಗಾಡಿ ತಂದಿರಲಿಲ್ಲ. ಎರಡು ಜೊತೆ ಬಟ್ಟೆ ತಂದಿದ್ದ. ಫೋನಿನವರಿಗೆ ದುಡ್ಡು ಕೊಟ್ಟಾಯಿತಂತೆ. "ಸಂಬಳಕ್ಕೆ ಅಂತಲೇ ಬರೆದು ಕೊಟ್ಟಿದ್ದೀನಿ. ಅದರಲ್ಲಿ ಕುರ್ಚಿ ಮೇಜು ಏನಾದ್ರೂ ತಗೊಂಡ್ರೆ ವಾಪಸ್ ಕೇಳ್ತೀನಿ" ಎಂದ. ನಿಯಮ ಹಾಕದೆ ಇರಲು ಅವನಿಂದ ಸಾಧ್ಯವೇ ಇಲ್ಲ. ಒಂದು ವರ್ಷಕ್ಕೆ ಸಾಕಂತೆ. ಅದರಾಚೆ ಏನೋ, ಯಾರಿಗೆ ಗೊತ್ತು.

ಮಂಚದ ಪಕ್ಕ ಸ್ಟೂಲು ಎಳೆದು ಕೂತು, "ಭಾವ, ಇವತ್ತು ನಾನು ನಿಮ್ಮ ಡ್ರೈವರು" ಎಂದ. ಲೋಟದ ಲೆಕ್ಕ ಹೇಳಿಕೊಟ್ಟೆ. ನನ್ನ ಕಡೆ ತಿರುಗಿ, "ನೀನು ಹೊರಗೆ ಹೋಗಿ ಬಾ" ಎಂದ.

"ಎಲ್ಲಿಗೆ?"

"ಎಲ್ಲಿಗಾದ್ರೂ."

ಚಪ್ಪಲಿ ಎಲ್ಲಿಟ್ಟಿದ್ದೇನೆ ಎಂದೇ ನೆನಪಿರಲಿಲ್ಲ. ಕಪಾಟಿನ ಹಿಂದೆ ಸಿಕ್ಕಿತು, ಪಟ್ಟಿ ಒಣಗಿ ಸೆಟೆದುಕೊಂಡಿತ್ತು. ಬಾಗಿಲ ತನಕ ಹೋದೆ. ಮುಂದೆ ಕಾಲು ಬರಲಿಲ್ಲ. ವಾಪಸ್ ಬಂದು ಇವರ ತಲೆದೆಸೆಯಲ್ಲಿ ನಿಂತೆ. ಅಣ್ಣ ಬಾಲ್ಕನಿ ಕಡೆ ಎದ್ದುಹೋದ.

"ಆವತ್ತು ಫೋನಲ್ಲಿ ಅಂದ್ನಲ್ಲ ರೀ, ಬಾಗಿಲು ತೆಗೆದು ಹೊರಟುಬಿಡ್ತೀನಿ ಅಂತ. ನೀವು ಸಾಯಲ್ಲ ಅಂತ. ಅದು ಓರಗಿತ್ತಿ ಅಲ್ಲ, ನಾನೇ" ಎಂದೆ. ಕಣ್ಣು ಮುಚ್ಚಿ ತೆರೆದರು. ಕೇಳಿದ್ದರು. ಎಲ್ಲವನ್ನೂ ಆವತ್ತೇ ಕೇಳಿದ್ದರು.

"ಈಗ ಹೋಗಿ ಬರ್ಲಾ?"

ನನ್ನ ಮುಖವನ್ನೇ ನೋಡಿದರು. ಎಡಗೈ ನಿಧಾನ ಎದ್ದಿತು. ಟಣ್ ಟಣ್.

ಕಂಡಕ್ಟರು ಎರಡು ಹೊಡೆದ ಮೇಲೆ ಬಸ್ಸು ನಿಂತಿರುವ ಹಾಗಿಲ್ಲ. ಇಳಿದೆ. ಔಷಧಿ ಅಂಗಡಿಯವನು ನನ್ನನ್ನು ನೋಡಿ, "ಏನಮ್ಮಾ, ಇವತ್ತು ಚೀಲದ ಬದ್ಲು ನೀವೇ ಇಳಿದುಬಿಟ್ರಾ!" ಎಂದು ನಕ್ಕ. ಕೈಯಲ್ಲಿ ಏನೂ ಹಿಡಿಯದೆ ಬಸ್ ನಿಲ್ದಾಣದ ತನಕ ನಡೆದೆ. ಅಲ್ಲಿ ಕಲ್ಲು ಬೆಂಚಿನ ಮೇಲೆ ಕೂತು ಒಂದು ಲೋಟ ಟೀ ತರಿಸಿಕೊಂಡು ಬಿಸಿಬಿಸಿಯಾಗಿ ಕುಡಿದೆ. ಬಸ್ಸುಗಳು ಬಂದವು, ಹೋದವು. ಯಾವುದಕ್ಕಾದರೂ ಹತ್ತಬಹುದಿತ್ತು. ಹತ್ತಬಹುದಲ್ಲ ಎಂದು ನೋಡುತ್ತಾ ಕೂತಿದ್ದೆ, ಆಮೇಲೆ ಎದ್ದೆ.

ಮೆಟ್ಟಿಲು ಹತ್ತುವಾಗ ಒಣಗಿದ ಚಪ್ಪಲಿ ಪಟಪಟ ಸದ್ದು ಮಾಡುತ್ತಿತ್ತು. ಬಾಗಿಲಿಗೆ ಇನ್ನೂ ನಾಲ್ಕಾರು ಮೆಟ್ಟಿಲಿತ್ತು, ಒಳಗಿಂದ ಲೋಟದ ಸದ್ದು ಕೇಳಿತು. ಒಂದೇ ಪೆಟ್ಟು. ನಮ್ಮ ಸ್ಟಾಪು ಬಂದಾಗ ಹೊಡೆಯುತ್ತಿದ್ದರಲ್ಲ, ಹಾಗೆ.

"ಬಂದೆ ರೀ" ಎಂದೆ.